ರಕ್ತಪರೀಕ್ಷೆಯ ವಿಳಂಬ ಮತ್ತು ದಾದಿಯರ ಹೊಣೆ

ಆಸ್ಪತ್ರೆಯ ಸಾಮಾನ್ಯ ರಕ್ತಪರೀಕ್ಷೆಗೆ ತಗಲುವ ಕಾಲದಲ್ಲಿ ಯಂತ್ರದ ಪಾಲು ಅಲ್ಪ. ರಕ್ತಕಣಗಳನ್ನು ಎಣಿಸುವ ಸ್ವಯಂಚಾಲಿತ ಯಂತ್ರವು ಒಂದೆರಡು ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. ವೈದ್ಯರ ಚೀಟಿಗಾಗಿ, ರಕ್ತ ತೆಗೆಯುವವರಿಗಾಗಿ, ಅದನ್ನು ಪ್ರಯೋಗಾಲಯಕ್ಕೆ ಒಯ್ಯುವವರಿಗಾಗಿ ಕಾಯುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತದೆ.

ಇದು ಕೇವಲ ಅನಾನುಕೂಲದ ಮಾತಲ್ಲ. ತೆಗೆದಿಟ್ಟ ರಕ್ತದಲ್ಲಿಯೂ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಸಾಧಾರಣ ನಳಿಕೆಯಲ್ಲಿ ಅದು ಗಂಟೆಗೆ ಸುಮಾರು ಶೇಕಡ 5ರಿಂದ 7ರಷ್ಟು ಇಳಿಯುತ್ತದೆ. ಮಧುಮೇಹಿಯ ವರದಿಯಲ್ಲಿ ಸಕ್ಕರೆಯು ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು.

ರೋಗಿಯ ಬಳಿ ಸದಾ ಇರುವವರು ದಾದಿಯರು. ವೈದ್ಯರು ಮೊದಲೇ ಗೊತ್ತುಪಡಿಸಿದ ಲಿಖಿತ ನಿಯಮಗಳಂತೆ ಅವರೇ ಮುಂಜಾನೆ ರಕ್ತ ತೆಗೆದು ಕಳುಹಿಸಿದರೆ, ವೈದ್ಯರು ವಾರ್ಡಿಗೆ ಬರುವ ವೇಳೆಗೆ ವರದಿ ಸಿದ್ಧವಿರುತ್ತದೆ. ಇಂತಹ ಹೊಣೆ ಅವರಿಗೆ ಹೊಸತೇನೂ ಅಲ್ಲ. 2018ರ ನಂತರ ಆರೋಗ್ಯ ಉಪಕೇಂದ್ರಗಳಲ್ಲಿ ನೇಮಕಗೊಂಡ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಬಹುಮಂದಿ ಶುಶ್ರೂಷಾ ಶಿಕ್ಷಣ ಪಡೆದವರೇ. ಅಲ್ಲಿ 14 ಬಗೆಯ ಪರೀಕ್ಷೆಗಳಿಗೆ ಅವಕಾಶ ಕಲ್ಪಿಸಲಾಗಿದೆ.

ಆದರೆ ಇಬ್ಬರೇ ದಾದಿಯರಿರುವ ವಾರ್ಡಿನಲ್ಲಿ ಈ ಹೊಣೆಯನ್ನೂ ಹೇರಿದರೆ ಔಷಧ ನೀಡುವುದು ತಡವಾದೀತು. ತರಬೇತಿಯೊಡನೆ ಸಿಬ್ಬಂದಿಯೂ ಹೆಚ್ಚಬೇಕು. ನಳಿಕೆಗೆ ಹೆಸರಿನ ಚೀಟಿಯನ್ನು ರೋಗಿಯ ಎದುರಿನಲ್ಲಿಯೇ ಅಂಟಿಸಬೇಕು. ದಾದಿಯು ಮತ್ತೊಮ್ಮೆ ಹೆಸರು ಕೇಳಿದರೆ ರೋಗಿಗಳು ಬೇಸರಿಸದೆ ಪೂರ್ಣವಾಗಿ ತಿಳಿಸತಕ್ಕದ್ದು.