ಇಪ್ಪತ್ನಾಲ್ಕು ಗ್ರಾಂ ಸೀಸದ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಮಿಶ್ರ ತಂಡ ವಿಭಾಗದ ಕಂಚಿಗಾಗಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಚೀನಾದ ಜೋಡಿಯ ಎದುರು ನಿಂತಿದ್ದರು. ಸೋತದ್ದು 43–44ರಲ್ಲಿ. ಗಾಳಿಯಲ್ಲಿ ಹಾರುವ 48 ತಟ್ಟೆಗಳ ಪೈಕಿ ಒಂದೇ ಒಂದರ ಅಂತರ. ಈ ಆಟದಲ್ಲಿ ತಟ್ಟೆ ಪುಡಿಯಾಗಲೇಬೇಕೆಂದಿಲ್ಲ; ಕಣ್ಣಿಗೆ ಕಾಣುವ ಒಂದು ಚೂರು ಕಳಚಿ ಬಿದ್ದರೂ ಅಂಕ ಸಿಗುತ್ತದೆ. ಬರೀ ಧೂಳೆದ್ದರೆ ಮಾತ್ರ ಸಿಗುವುದಿಲ್ಲ.

ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಎತ್ತುತ್ತಾರೆ. ರೈಫಲ್ಲಿನಲ್ಲಾದರೆ ಒಂದೇ ಗುಂಡು, ಗುರಿ ತಪ್ಪಿದರೆ ತಪ್ಪಿತು. ಶಾಟ್‌ಗನ್ನಿನಿಂದ ನೂರಾರು ಚರೆ ಒಟ್ಟಿಗೇ ಹಾರುತ್ತವಲ್ಲ, ಒಂದಾದರೂ ತಾಗಬಾರದೇ? ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಒಲಿಂಪಿಕ್ ನಿಯಮದ ಪ್ರಕಾರ ತೋಟಾದಲ್ಲಿ ತುಂಬಬಹುದಾದದ್ದು 24 ಗ್ರಾಂ ಚರೆ. ಸ್ಕೀಟ್‌ನವರು ಬಳಸುವ 2 ಮಿ.ಮೀ. ಚರೆಯಾದರೆ ಅಷ್ಟರಲ್ಲಿ ಸುಮಾರು 500 ಹಿಡಿಸುತ್ತವೆ. ಶಾಟ್‌ಗನ್ನಿನ ಇನ್ನೊಂದು ಆಟವಾದ ಟ್ರ್ಯಾಪ್‌ನವರದು ದೂರದ ಗುರಿ. ಸಣ್ಣ ಚರೆ ಗಾಳಿಯಲ್ಲಿ ಬೇಗ ಕಸುವು ಕಳೆದುಕೊಳ್ಳುತ್ತದೆಂದು ಅವರು 2.4 ಮಿ.ಮೀ.ನದನ್ನು ಆರಿಸಿಕೊಳ್ಳುತ್ತಾರೆ. ಆಗ ಸಂಖ್ಯೆ ಸುಮಾರು 300ಕ್ಕೆ ಇಳಿಯುತ್ತದೆ. ಇದಿಷ್ಟೇ ಬಂಡವಾಳ. ನಳಿಗೆಯೂ ಅದರ ತುದಿಯ ಚೋಕೂ ಇದಕ್ಕೆ ಒಂದು ಚರೆಯನ್ನೂ ಕೂಡಿಸಲಾರವು, ಹಂಚಿಕೆಯನ್ನು ಮಾತ್ರ ಬದಲಿಸಬಲ್ಲವು. ಒಂದು ಸೇರು ರಾಗಿಯನ್ನು ಹತ್ತು ಗುಂಟೆಗೆ ಬಿತ್ತಬಹುದು, ಒಂದೆಕರೆಗೂ ಎರಚಬಹುದು. ಎಕರೆಗೆ ಎರಚಿದವನು ಹೊಲದ ನಡುವೆ ಬೋಳು ಜಾಗ ಕಂಡು ಗೊಣಗುವಂತಿಲ್ಲ.

ಚೋಕ್ ಎಂದರೆ ನಳಿಗೆಯ ತುದಿಯ ಕೆಲವೇ ಸೆಂಟಿಮೀಟರ್‌ಗಳಲ್ಲಿ ಒಳಗಿನ ವ್ಯಾಸವನ್ನು ಕೂದಲೆಳೆಯಷ್ಟು ಕಿರಿದಾಗಿಸುವುದು. 12 ಬೋರ್ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಅದನ್ನು ಒಂದು ಮಿ.ಮೀ. ಬಿಗಿ ಮಾಡಿದರೆ ಫುಲ್ ಚೋಕ್. ಅರ್ಧ ಮಿ.ಮೀ. ಆದರೆ ಹಾಫ್, ಕಾಲು ಮಿ.ಮೀ. ಆದರೆ ಕ್ವಾರ್ಟರ್. ಏನೂ ಬಿಗಿ ಮಾಡದೆ ಬಿಟ್ಟದ್ದು ಸಿಲಿಂಡರ್. ಇಷ್ಟು ಅಲ್ಪ ವ್ಯತ್ಯಾಸಕ್ಕೆ 20 ಗಜ ದೂರದಲ್ಲಿ ಸಿಲಿಂಡರ್ ಬೋರಿನ ಚರೆಗಳು ಸುಮಾರು 80 ಸೆಂ.ಮೀ. ಅಗಲಕ್ಕೆ ಹರಡಿದರೆ, ಫುಲ್ ಚೋಕಿನವು ಅದರ ಅರ್ಧಕ್ಕೆ ಮುದುಡಿಕೊಳ್ಳುತ್ತವೆ. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆ ಎಂಬುದನ್ನು ಮರೆಯಬಾರದು.

ಈ ತಂತ್ರ ತೀರಾ ಹಳೆಯದಲ್ಲ. 1866ರಲ್ಲಿ ಅಮೆರಿಕದ ಸಿಲ್ವೆಸ್ಟರ್ ರೋಪರ್ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವಿಲಿಯಂ ಪೇಪ್, ಇಬ್ಬರೂ ಬೇರೆಬೇರೆಯಾಗಿ ಪೇಟೆಂಟ್ ಪಡೆದರು. ಅದನ್ನು ನಂಬಿಕೆಗೆ ಅರ್ಹವಾಗುವಂತೆ ತಿದ್ದಿದವನು ಬರ್ಮಿಂಗ್‌ಹ್ಯಾಂನ ಡಬ್ಲ್ಯು. ಡಬ್ಲ್ಯು. ಗ್ರೀನರ್. 1875ರಲ್ಲಿ ಲಂಡನ್ನಿನಲ್ಲಿ ನಡೆದ ಬಹಿರಂಗ ಪರೀಕ್ಷೆಗಳಾದ ಮೇಲೆ ಚೋಕಿನ ಬಗ್ಗೆ ಮೂಗು ಮುರಿಯುತ್ತಿದ್ದವರ ಬಾಯಿ ಕಟ್ಟಿತು. ನಮ್ಮ ಕೊಡಗು, ಮಲೆನಾಡಿನ ಹಳೆಯ ಮನೆಗಳಲ್ಲಿರುವ ಜೋಡುನಳಿಗೆ ಕೋವಿಗಳು ಈ ಪರಂಪರೆಯವೇ. ಬಲಗಡೆಯದು ಹತ್ತಿರಕ್ಕೆ, ಎಡಗಡೆಯದು ದೂರಕ್ಕೆ ಎಂಬ ಮಾತು ಅಂಥ ಕೋವಿ ಇಟ್ಟುಕೊಂಡವರಿಗೆ ಹೊಸದಲ್ಲ. ಎಡನಳಿಗೆಯ ಚೋಕ್ ಬಿಗಿ, ಅಷ್ಟೇ ಅದರ ಗುಟ್ಟು. ಆದರೆ ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಗುರಿಯಾಗಿಡುವ ತೆಂಗಿನಕಾಯಿ ಇಟ್ಟಲ್ಲೇ ಇರುತ್ತದೆ. ಹಾರುವ ತಟ್ಟೆ ಹಾಗಲ್ಲ.

ಸ್ಕೀಟಿನ ಮಟ್ಟಿಗೆ ಆಯ್ಕೆಯಲ್ಲಿ ಹೆಚ್ಚು ತಲೆಬಿಸಿಯಿಲ್ಲ. ಶೂಟರ್ ಕೋವಿಯನ್ನು ಸೊಂಟದ ಮಟ್ಟದಲ್ಲಿ, ಅಂಗಿಯ ಮೇಲೆ ಹೊಲಿದ ಹಳದಿ ಪಟ್ಟಿಗೆ ತಾಗಿಸಿ ಹಿಡಿದು ನಿಲ್ಲುತ್ತಾನೆ. ತಟ್ಟೆಗಾಗಿ ಕೂಗಿದ ಮೂರು ಸೆಕೆಂಡಿನೊಳಗೆ ಯಾವ ಕ್ಷಣದಲ್ಲಾದರೂ ತಟ್ಟೆ ಹಾರಬಹುದು. ಅದು ಕಂಡ ಮೇಲೆಯೇ ಕೋವಿ ಹೆಗಲಿಗೇರಬೇಕು. ಹೊಡೆಯುವ ದೂರ ಹೆಚ್ಚೆಂದರೆ ಇಪ್ಪತ್ತು ಮೀಟರ್ ಆಸುಪಾಸು. ಇಲ್ಲಿ ಹರಹು ಬೇಕು, ಬಿಗಿತ ಬೇಡ. ಎರಡೂ ನಳಿಗೆಗೆ ಸಿಲಿಂಡರ್ ಅಥವಾ ಅದಕ್ಕಿಂತ ಒಂದು ಗುಲಗಂಜಿ ಬಿಗಿಯಾದ ಸ್ಕೀಟ್ ಚೋಕ್ ಹಾಕಿದರೆ ಮುಗಿಯಿತು. ಸೋವಿಯತ್ ಒಕ್ಕೂಟದ ತೂಲಾ ಕಾರ್ಖಾನೆಯವರು ಇನ್ನೂ ಮುಂದೆ ಹೋಗಿ, ನಳಿಗೆಯ ಬಾಯಿಯನ್ನು ಕಿರಿದಾಗಿಸುವ ಬದಲು ಉಬ್ಬಿಸಿ ಸ್ಕೀಟ್ ಕೋವಿ ಮಾಡಿದರು. ತೂಲಾ ಚೋಕ್ ಎಂದು ಅದಕ್ಕೆ ಹೆಸರೇ ಬಿತ್ತು.

ಆದರೂ ಸ್ಕೀಟಿನಲ್ಲೂ ತಟ್ಟೆ ಏಕೆ ತಪ್ಪುತ್ತದೆ? ತಟ್ಟೆಯ ಅಡ್ಡಳತೆ 11 ಸೆಂ.ಮೀ., ದಪ್ಪ ಎರಡೂವರೆ ಸೆಂ.ಮೀ. ಆಸುಪಾಸು. ಪೂರ್ತಿ ಮುಖ ತೋರಿಸಿದರೆ ಸಿಲಿಂಡರ್ ಬೋರಿನ 80 ಸೆಂ.ಮೀ. ಹರಹಿನಲ್ಲಿ ಸರಾಸರಿ ಒಂಬತ್ತು ಚರೆ ತಾಗುವಷ್ಟು ಜಾಗ ಅದು. ಆದರೆ ಅದು ಹಾರುವುದು ಅಂಚು ತೋರಿಸಿಕೊಂಡು. ಅಂಚಿಗೆ ಸಿಗುವುದು ಸರಾಸರಿ ಎರಡೂವರೆ ಚರೆ. ಸಾಲದೆಂದೇನೂ ಅಲ್ಲ, ಆದರೆ ಅದು ಇಡೀ ಹರಹಿನ ಸರಾಸರಿ. ನಿಜವಾಗಿ ನಡುವೆ ದಟ್ಟವಾಗಿದ್ದು ಅಂಚಿಗೆ ಹೋದಂತೆ ತೆಳುವಾಗುವುದು ಚರೆಯ ಸ್ವಭಾವ. ಕೋವಿಯ ಮೂತಿ ತಟ್ಟೆಗಿಂತ ಒಂದು ಮೀಟರಿಗೂ ಮಿಗಿಲಾಗಿ ಮುಂದೆ ಹೋಗಿರಬೇಕಾದ ಕಡೆ ಒಂದು ಗೇಣು ಹಿಂದುಳಿದರೂ ತಟ್ಟೆ ಆ ತೆಳುಭಾಗಕ್ಕೆ ಬಂದುಬಿಡುತ್ತದೆ.

ಟ್ರ್ಯಾಪಿನ ಮಾತೇ ಬೇರೆ. ಸಾಲಾಗಿ ಐದು ಜಾಗಗಳು, ಮುಂದೆ 15 ಮೀಟರ್ ದೂರದ ಹಳ್ಳದಲ್ಲಿ 15 ಯಂತ್ರಗಳು. ಎಡಕ್ಕೋ ಬಲಕ್ಕೋ ನೆಟ್ಟಗೋ ಎಂದು ಗೊತ್ತಿಲ್ಲದಂತೆ ತಟ್ಟೆ ಗಂಟೆಗೆ 100 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಶೂಟರ್‌ನಿಂದ ದೂರಕ್ಕೆ ಓಡುತ್ತದೆ. ಇಲ್ಲಿ ಚೋಕಿನ ಆಯ್ಕೆಗೆ ಒಂದೇ ಆಧಾರ: ನೀವು ಟ್ರಿಗರ್ ಎಳೆಯುವ ಹೊತ್ತಿಗೆ ತಟ್ಟೆ ಎಲ್ಲಿರುತ್ತದೆ? ಚುರುಕಿನ ಶೂಟರ್ ತಟ್ಟೆ ಹೊರಬಿದ್ದ ಮುಕ್ಕಾಲು ಸೆಕೆಂಡಿನೊಳಗೆ ಹೊಡೆಯುತ್ತಾನೆ. ಅಷ್ಟರಲ್ಲಿ ಅದು ಹಳ್ಳದಿಂದ ಹದಿನೇಳು ಹದಿನೆಂಟು ಮೀಟರ್ ಹೋಗಿರುತ್ತದೆ. ಹಳ್ಳದವರೆಗಿನ 15 ಕೂಡಿಸಿದರೆ 33. ಕಾಲು ಸೆಕೆಂಡು ನಿಧಾನಿಸಿದವನಿಗೆ ಅದೇ ತಟ್ಟೆ 38–39 ಮೀಟರಿನಲ್ಲಿ ಸಿಗುತ್ತದೆ. ಇವರಿಬ್ಬರಿಗೂ ಒಂದೇ ಚೋಕ್ ಹೇಗೆ ಹೊಂದೀತು? ಆದರೂ ನಾನು ಕಂಡಂತೆ ಹೊಸಬರು ಕೇಳುವ ಪ್ರಶ್ನೆ ಒಂದೇ: ಚಾಂಪಿಯನ್‌ಗಳು ಯಾವ ಚೋಕ್ ಹಾಕುತ್ತಾರೆ? ಚಾಂಪಿಯನ್ನಿನ ಕಣ್ಣು, ಕೈ ಎರವಲು ಸಿಗುವುದಿಲ್ಲವಲ್ಲ.

ವಾಡಿಕೆಯ ಜೋಡಿ ಎಂದರೆ ಕೆಳಗಿನ ನಳಿಗೆಗೆ ಮುಕ್ಕಾಲು ಚೋಕ್, ಮೇಲಿನದಕ್ಕೆ ಫುಲ್. ಮೊದಲ ಈಡು ಕೆಳನಳಿಗೆಯಿಂದಲೇ ಹೊರಡುತ್ತದೆ, ಕಾರಣವಿದೆ: ಅದು ಹೆಗಲಿನ ನೇರಕ್ಕೆ ಹತ್ತಿರವಿರುವುದರಿಂದ ಒದೆತ ನೆಟ್ಟಗೆ ಹಿಂದಕ್ಕೆ ಬರುತ್ತದೆ, ಮೂತಿ ಕಡಿಮೆ ಎದ್ದು ಎರಡನೇ ಈಡಿಗೆ ಕೋವಿ ಬೇಗ ಒದಗುತ್ತದೆ. 40 ಗಜದಲ್ಲಿ 76 ಸೆಂ.ಮೀ. ವೃತ್ತದೊಳಗೆ ಫುಲ್ ಚೋಕ್ ಶೇ 70ರಷ್ಟು ಚರೆಗಳನ್ನು ಹಾಕಬೇಕೆಂಬುದು ಹಳೆಯ ಮಾನದಂಡ. ಹಾಫ್ ಆದರೆ ಶೇ 60, ಸಿಲಿಂಡರ್ ಆದರೆ ಶೇ 40. 300 ಚರೆಯಲ್ಲಿ 210 ಆ ವೃತ್ತಕ್ಕೆ ಬಿದ್ದರೂ ಅಂಚು ತೋರಿಸುವ ತಟ್ಟೆಯ ಪಾಲಿಗೆ ಬರುವುದು ಸರಾಸರಿ ಒಂದೂಕಾಲು ಚರೆ. ಸರಾಸರಿ ಒಂದೂಕಾಲು ಎಂದರೆ ಕೆಲವು ಸಲ ಮೂರು, ಕೆಲವು ಸಲ ಸೊನ್ನೆ. ಗುರಿ ಸರಿಯಿದ್ದೂ ತಟ್ಟೆ ನಗುತ್ತಾ ಹಾರಿಹೋಗುವುದು ಹೀಗೆ.

ಹಾಗಿದ್ದರೆ ಎರಡಕ್ಕೂ ಫುಲ್ ಹಾಕಿಬಿಡಬಾರದೇ? ಕೆಲವರು ಹಾಕುತ್ತಾರೆ. ಅವರ ಗುರಿ ಅಷ್ಟು ನಿಖರವಾಗಿರಬೇಕು. 33 ಮೀಟರಿನಲ್ಲಿ ಒಡೆಯುವವನಿಗೆ ಹಾಫ್ ಚೋಕೇ ಸಾಕಾಗಬಹುದು, ಮೇಲಾಗಿ ಅದು ಅವನ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇನ್ನೊಂದು ಸಂಗತಿ: ಅರ್ಹತಾ ಸುತ್ತಿನ 125 ತಟ್ಟೆಗಳಿಗೆ ತಲಾ ಎರಡು ಈಡಿನ ಅವಕಾಶವಿದ್ದರೆ, ಫೈನಲಿನಲ್ಲಿ ಒಂದೇ. ಪ್ಯಾರಿಸ್ ಕೂಟದಲ್ಲಿ ಪುರುಷರ ಟ್ರ್ಯಾಪ್ ಚಿನ್ನ ಗೆದ್ದ ಬ್ರಿಟನ್ನಿನ ನೇಥನ್ ಹೇಲ್ಸ್ ಫೈನಲಿನ 50ರಲ್ಲಿ 48 ಒಡೆದದ್ದು ಹೀಗೆ, ತಟ್ಟೆಗೊಂದೇ ಈಡಿನಲ್ಲಿ. ಮೇಲಿನ ಫುಲ್ ಚೋಕ್ ಅಲ್ಲಿ ಕೆಲಸಕ್ಕೆ ಬಾರದು. ಎರಡು ಚೋಕುಗಳ ಜೋಡಿಗೆ ಪೂರ್ತಿ ಕೆಲಸ ಕೊಡುತ್ತಿದ್ದದ್ದು ಡಬಲ್ ಟ್ರ್ಯಾಪ್: ಒಟ್ಟಿಗೇ ಹಾರುವ ಎರಡು ತಟ್ಟೆಗಳು, ಒಂದು ಹತ್ತಿರದಲ್ಲಿ, ಇನ್ನೊಂದು ಅಷ್ಟರಲ್ಲಿ ದೂರದಲ್ಲಿ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ 179 ಒಡೆದು ಬೆಳ್ಳಿ ತಂದದ್ದು ಅದರಲ್ಲೇ. 2016ರ ನಂತರ ಒಲಿಂಪಿಕ್ಸ್ ಅದನ್ನು ಕೈಬಿಟ್ಟಿತು.

ಇನ್ನು ನಳಿಗೆಯ ಉದ್ದ. ಉದ್ದ ನಳಿಗೆ ಹೆಚ್ಚು ದೂರ ಹೊಡೆಯುತ್ತದೆ ಎಂಬ ನಂಬಿಕೆ ಕರಿಮದ್ದಿನ ಕಾಲದ್ದು. ಆ ಮದ್ದು ನಿಧಾನ ಉರಿಯುತ್ತಿತ್ತು, ಪೂರ್ತಿ ಕಸುವು ಸಿಗಲು ಉದ್ದ ಬೇಕಾಗಿತ್ತು. ಈಗಿನ ಮದ್ದು ನಳಿಗೆಯ ಮೊದಲ ಭಾಗದಲ್ಲೇ ಉರಿದು ಮುಗಿಯುತ್ತದೆ. 30 ಇಂಚಿನಿಂದ 32 ಇಂಚಿಗೆ ಹೋದರೆ ಚರೆಯ ವೇಗದಲ್ಲಿ ಆಗುವ ವ್ಯತ್ಯಾಸ ನಗಣ್ಯ. ಆದರೂ ಟ್ರ್ಯಾಪಿನವರು 30 ಅಥವಾ 32 ಇಂಚು, ಸ್ಕೀಟಿನವರು 28 ಅಥವಾ 30 ಇಂಚು ಆರಿಸುವುದು ತೂಗಿನ ಕಾರಣಕ್ಕೆ. ಮುಂಭಾರದ ಉದ್ದ ಕೋವಿ ಒಮ್ಮೆ ತಿರುಗತೊಡಗಿದರೆ ನಡುವೆ ತಡವರಿಸದೆ ತಟ್ಟೆಯನ್ನು ಹಿಂಬಾಲಿಸುತ್ತದೆ. ಗಿಡ್ಡ ಕೋವಿ ಬೇಗ ಹೊರಡುತ್ತದೆ, ಬೇಗ ನಿಂತೂಬಿಡುತ್ತದೆ. ಆಳಿನ ಎತ್ತರ, ತೋಳಿನ ಬಲ ನೋಡದೆ 32 ಇಂಚಿನದನ್ನು ತಂದವರು ಮೂರನೇ ಸುತ್ತಿನ ಹೊತ್ತಿಗೆ ಮೂತಿ ಎತ್ತಲಾರದೆ ಕಷ್ಟಪಡುತ್ತಾರೆ. ಟ್ರ್ಯಾಪ್ ಕೋವಿಯ ಇನ್ನೊಂದು ಲಕ್ಷಣ, ಅದು ಬೇಕೆಂದೇ ಎತ್ತರಕ್ಕೆ ಹೊಡೆಯುತ್ತದೆ: ಏರುತ್ತಿರುವ ತಟ್ಟೆಯನ್ನು ಮೂತಿ ಮರೆಮಾಡದಿರಲಿ ಎಂದು ಶೇ 60–70ರಷ್ಟು ಚರೆ ಗುರಿಯ ಮೇಲ್ಭಾಗಕ್ಕೆ ಬೀಳುವಂತೆ ನಳಿಗೆ ಕೂಡಿಸಿರುತ್ತಾರೆ. ಸ್ಕೀಟ್ ಅಭ್ಯಾಸದವನು ಅದನ್ನೆತ್ತಿಕೊಂಡರೆ ತಟ್ಟೆಯ ನೆತ್ತಿಯ ಮೇಲೇ ಹೊಡೆಯುತ್ತಿರುತ್ತಾನೆ, ತಪ್ಪು ಚೋಕಿನದೆಂದು ಬೈಯುತ್ತಿರುತ್ತಾನೆ.

ತಿರುಪು ಹಾಕಿ ಬದಲಿಸುವ ಚೋಕುಗಳು ಬಂದ ಮೇಲೆ ಈ ಬೈಗುಳ ಹೆಚ್ಚಿದೆ ಎಂದು ನನ್ನ ಗುಮಾನಿ. ಎರಡು ತಟ್ಟೆ ತಪ್ಪಿದ ಕೂಡಲೇ ಜೇಬಿನಿಂದ ಕೀಲಿ ಹೊರಬರುತ್ತದೆ. ಕಲಿಯುವವರಿಗೆ ಅವು ಉಪಯುಕ್ತವೇ, ಒಂದೇ ಕೋವಿಯಲ್ಲಿ ಎರಡೂ ಆಟ ಆಡಬಹುದು. ಆದರೆ ಅವುಗಳ ಭಾರ ಸೇರುವುದು ಮೂತಿಗೆ, ತೂಗು ಕೆಡುವುದೂ ಅಲ್ಲೇ. ಒಂದು ಸಲ ಆರಿಸಿದ ಚೋಕನ್ನು ಒಂದು ಸೀಸನ್ ಮುಟ್ಟದಿರುವವನು ತನ್ನ ತಪ್ಪು ಎಲ್ಲಿದೆಯೆಂದು ಬೇಗ ಕಂಡುಕೊಳ್ಳುತ್ತಾನೆ.

ಆರಿಸುವ ಮೊದಲು ಕಾಗದಕ್ಕೆ ಹೊಡೆದು ನೋಡುವುದು ಒಳ್ಳೆಯದು. ನಳಿಗೆಯ ಮೇಲೆ ಮುಕ್ಕಾಲು ಎಂದು ಕೆತ್ತಿದ್ದು ಫುಲ್‌ನಂತೆ ವರ್ತಿಸಬಹುದು. ಆಂಟಿಮನಿ ಬೆರೆಸಿದ ಗಟ್ಟಿ ಚರೆ, ಚರೆಯನ್ನು ಸುತ್ತುವರಿಯುವ ಪ್ಲಾಸ್ಟಿಕ್ ಬಟ್ಟಲು ಎರಡೂ ಹರಹನ್ನು ಬಿಗಿ ಮಾಡುತ್ತವೆ. ತೋಟಾದ ಬ್ರ್ಯಾಂಡ್ ಬದಲಾದರೆ ಫಲವೂ ಬದಲಾದೀತು. ಆಮದು ತೋಟಾ, ಅದರ ಮೇಲೆ ಲೈಸೆನ್ಸಿನ ಮಿತಿ ಇರುವ ನಮ್ಮ ದೇಶದಲ್ಲಿ ಕಾಗದಕ್ಕೆಂದು ಹತ್ತು ತೋಟಾ ಸುಡಲು ಮನಸ್ಸು ಬಾರದಿರುವುದು ಸಹಜ. ಆದರೂ ಸುಡಬೇಕು. ಒಂದು ಮೀಟರಿಗೂ ಹೆಚ್ಚು ಅಗಲದ ಹಾಳೆಯನ್ನು ನೀವು ನಿಜವಾಗಿ ತಟ್ಟೆ ಒಡೆಯುವ ದೂರದಲ್ಲೇ ನಿಲ್ಲಿಸಿ. ಟ್ರ್ಯಾಪ್‌ಗೆ 33 ಮೀಟರ್, ಸ್ಕೀಟ್‌ಗೆ 20. ಹೊಡೆದಾದ ಮೇಲೆ ದಟ್ಟವಾದ ಜಾಗವನ್ನು ನಡುವಾಗಿಟ್ಟು 76 ಸೆಂ.ಮೀ. ವೃತ್ತ ಎಳೆಯಿರಿ. ರಟ್ಟಿನಲ್ಲಿ ಉದ್ದ 11, ಅಗಲ ಎರಡೂವರೆ ಸೆಂ.ಮೀ.ನ ತುಂಡು ಕತ್ತರಿಸಿ ವೃತ್ತದೊಳಗೆ ಸರಿಸುತ್ತಾ ಹೋಗಿ. ಒಂದು ತೂತನ್ನೂ ಮುಚ್ಚದೆ ಅದು ಕೂರುವ ಜಾಗಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಗುರುತುಗಳು ವೃತ್ತದ ನಡುಭಾಗಕ್ಕೂ ನುಗ್ಗಿದ್ದರೆ ಚೋಕ್ ಒಂದು ಮೆಟ್ಟಿಲು ಬಿಗಿಯಾಗಬೇಕು. ನಡುವೆಲ್ಲ ಜರಡಿಯಾಗಿ ಅಂಚು ಪೂರ್ತಿ ಖಾಲಿ ಉಳಿದಿದ್ದರೆ ಸಡಿಲಿಸಬಹುದು.