ಮೂರು ವಾರವಾದರೂ ಗಂಟಲು ಸರಿಹೋಗದಿದ್ದರೆ...



ಜಗಳೂರು ಕಡೆಯ ಒಂದು ಸಂಘದ ಸಭೆ. ಸದಸ್ಯೆಯೊಬ್ಬರು ಉಳಿತಾಯದ ಪುಸ್ತಕ ಓದುತ್ತಿದ್ದರು. ದನಿ ಒಡೆದಿತ್ತು. "ಏನಾಯ್ತಮ್ಮಾ?" ಎಂದು ಕೇಳಿದೆ. "ಏನಿಲ್ಲ ಸಿಸ್ಟರ್, ಎರಡು ತಿಂಗಳಿಂದ ಗಂಟಲು ಕಟ್ಟೈತಿ, ನೋವೇನಿಲ್ಲ. ಈರುಳ್ಳಿ ಕೀಳೋದು ಮುಗೀಲಿ, ಆಮೇಲೆ ತೋರಿಸ್ತೀನಿ" ಅಂದರು. ನಾವು ಮೋಸ ಹೋಗುವುದು ಇಲ್ಲೇ. ಗಂಟಲಿನ ಕ್ಯಾನ್ಸರ್ ಶುರುವಿನಲ್ಲಿ ಅನೇಕರಿಗೆ ನೋಯುವುದಿಲ್ಲ.

ಯಾವ ಲಕ್ಷಣ ನೋಡಬೇಕು?

* ಮೂರು ವಾರ ಕಳೆದರೂ ಸರಿಹೋಗದ ಒಡಕು ದನಿ
* ನುಂಗಲು ಕಷ್ಟ, ಗಂಟಲಲ್ಲಿ ಏನೋ ಸಿಕ್ಕಿದಂತೆ ಅನಿಸುವುದು
* ಕುತ್ತಿಗೆಯಲ್ಲಿ ಗಂಟು, ನೋವಿಲ್ಲದಿದ್ದರೂ
* ಒಂದೇ ಕಿವಿಯಲ್ಲಿ ಬಿಡದ ನೋವು
* ಮೂಗಿನ ಒಂದೇ ಹೊಳ್ಳೆ ಕಟ್ಟುವುದು, ರಕ್ತ ಬರುವುದು
* ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ

ಇವೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಸಣ್ಣ ಕಾಯಿಲೆಗಳೇ. ಆದರೆ ಯಾವುದೆಂದು ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ.

ಕಾರಣವೇನು?

ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಮದ್ಯ. ತಂಬಾಕು, ಕುಡಿತ ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. "ನಾವು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆಅಡಿಕೆ" ಅನ್ನುವವರಿದ್ದಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಚನ್ನಗಿರಿಯ ತೋಟದವರಿಗೆ ಬೇಸರವಾದೀತು, ಆದರೂ ಹೇಳಲೇಬೇಕು. ಮರಗೆಲಸದ ಧೂಳಿನಿಂದ ಮೂಗಿನ ಕ್ಯಾನ್ಸರ್ ಬರಬಹುದು. ಕೆಲವರಿಗೆ ವೈರಸ್ ಸೋಂಕೂ ಕಾರಣ. ಆದರೆ ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡಬೇಡಿ.

ಪರೀಕ್ಷೆ ಹೇಗೆ?

ಕಿವಿ-ಮೂಗು-ಗಂಟಲು ವೈದ್ಯರು ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ ಒಳಗೆ ನೋಡುತ್ತಾರೆ. ಅನುಮಾನವಿದ್ದರೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. "ಕತ್ತರಿ ತಾಗಿದರೆ ಹರಡುತ್ತೆ" ಎಂಬ ಹೆದರಿಕೆ ಬೇಡ. ಕ್ಯಾನ್ಸರ್ ಎಂದು ಖಚಿತವಾದರೆ ಎಷ್ಟು ಹರಡಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ.

ಎಲ್ಲಿಗೆ ಹೋಗಬೇಕು?

ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಅಗತ್ಯವಿದ್ದರೆ ಬೆಂಗಳೂರಿನ ಕಿದ್ವಾಯಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ ಮರೆಯಬೇಡಿ.

ಆ ಸಹೋದರಿಯನ್ನು ಮರುವಾರವೇ ಸಂಘದ ಇಬ್ಬರು ಕರೆದುಕೊಂಡು ಹೋದರು. ಉಳಿದವರು ಅವರ ಈರುಳ್ಳಿ ಕಿತ್ತರು. ದನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇನ್ನೂ ಸಣ್ಣದಿತ್ತು. ರೇಡಿಯೇಷನ್ ಚಿಕಿತ್ಸೆಯಿಂದ ಗುಣವಾಯಿತು. ಈಗ ಮತ್ತೆ ಅವರೇ ಪುಸ್ತಕ ಓದುತ್ತಾರೆ.

ಮುಂದಿನ ಸಭೆಯಲ್ಲಿ ಉಳಿತಾಯ ಎಣಿಸುವ ಮೊದಲು ಒಂದು ಮಾತು ಕೇಳಿ: ನಮ್ಮಲ್ಲಿ ಯಾರಿಗಾದರೂ ಮೂರು ವಾರದಿಂದ ಹೀಗಿದೆಯೇ? ಇದ್ದರೆ, ಅವರ ಜೊತೆ ಯಾರು ಹೋಗುತ್ತೀರಿ?