ಪಟ್ಟಣದಲ್ಲಿ ಉಳಿದದ್ದು, ಊಟಿಗೆ ಹೋದದ್ದು

ಟಿಪ್ಪು ಪಟ್ಟವೇರಿದ 1782ರಿಂದ ಮುಂದಿನ ಹದಿನೇಳು ವರ್ಷ ಶ್ರೀರಂಗಪಟ್ಟಣದಲ್ಲಿ ಸರ್ಕಾರ ಅಂದರೆ ಒಬ್ಬನ ಹುಕುಂ. ಕಂದಾಯಕ್ಕೆ, ಸೈನ್ಯಕ್ಕೆ, ವ್ಯಾಪಾರಕ್ಕೆ ಬೇರೆ ಬೇರೆ ಕಚೇರಿಗಳಿದ್ದರೂ ಕೊನೆಯ ಮಾತು ಸುಲ್ತಾನನದೇ. 1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನನೂ ಬಿದ್ದ. ಅವನು ಕಟ್ಟಿಸಿದ ಕಟ್ಟಡಗಳ ಗತಿ ಆಮೇಲೆ ಏನಾಯಿತು? ಕೆ.ಆರ್. ಪೇಟೆಯ ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು ನಾನು. ಪಟ್ಟಣಕ್ಕೆ ಪ್ರವಾಸ ಹೋದಾಗೆಲ್ಲ ಯುದ್ಧದ ಕಥೆಗಿಂತ ಮೊದಲು ಈ ಪ್ರಶ್ನೆಯನ್ನೇ ಮಕ್ಕಳ ಮುಂದಿಡುತ್ತೇನೆ.

ಕೋಟೆಯೊಳಗೆ ರಂಗನಾಥಸ್ವಾಮಿ ಗುಡಿಗೆ ಹತ್ತಿರದಲ್ಲೇ ಲಾಲ್ ಮಹಲ್ ಇತ್ತು. ಟಿಪ್ಪು ವಾಸವಿದ್ದ ಅರಮನೆ ಅದು. ಈಗ ತಳಪಾಯದ ಗುರುತಷ್ಟೇ ಇದೆ. ಇಂಗ್ಲಿಷರು ಅದನ್ನು ಬಿಚ್ಚಿ ಹಾಕಿದರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಅದರ ತೊಲೆಗಳಿಗೆ ಬೇಕಾದ ಮರ ಹೋದದ್ದು ಟಿಪ್ಪುವಿನ ಪಟ್ಟಣದ ಅರಮನೆಯಿಂದ. ನೀಲಗಿರಿಯ ಘಟ್ಟ ಹತ್ತಿಸಿ ಆ ಮರ ಸಾಗಿಸಿದವರ ಬೆವರನ್ನು ನೆನೆದರೆ ಸಂಕಟವಾಗುತ್ತದೆ. ಊಟಿಗೆ ಹೋಗುವ ನಮ್ಮ ಕಡೆಯವರು ಆ ಚರ್ಚಿನಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು.

ದರಿಯಾ ದೌಲತ್ ಬಾಗ್ ಉಳಿದುಕೊಂಡಿತು. 1784ರಲ್ಲಿ ಕಟ್ಟಿದ ಈ ಬೇಸಿಗೆ ಅರಮನೆ ಕಾವೇರಿಯ ದಂಡೆಯಲ್ಲಿದೆ, ಬಹುಪಾಲು ತೇಗದ ಕೆಲಸ. ಗೆದ್ದವರಿಗೆ ಅದು ವಾಸಕ್ಕೆ ಬೇಕಾಗಿತ್ತು, ಅದಕ್ಕೇ ಉಳಿಯಿತು ಎಂದು ನನ್ನ ನಂಬಿಕೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗಿನ್ನೂ ಕರ್ನಲ್. ಪಟ್ಟಣದ ಉಸ್ತುವಾರಿ ಹೊತ್ತು ಅವನು ತಂಗಿದ್ದು ಇಲ್ಲೇ.

ಪಡುವಣ ಗೋಡೆಯ ಮುಂದೆ ಮಕ್ಕಳನ್ನು ನಿಲ್ಲಿಸುತ್ತೇನೆ. ಬಿಸಿಲು ತಾಗದಂತೆ ಹಸಿರು ಪರದೆ ಇಳಿಬಿಟ್ಟಿರುವುದರಿಂದ ಕಣ್ಣು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದೇ ಕಾಣತೊಡಗುತ್ತದೆ: ಚೌಕ ಕಟ್ಟಿ ನಿಂತ ಕೆಂಪು ಕೋಟಿನ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಕರ್ನಲ್ ಬೈಲಿ. 1780ರ ಸೆಪ್ಟೆಂಬರಿನಲ್ಲಿ ಕಾಂಚಿ ಬಳಿಯ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕಂಪನಿಯ ದಂಡನ್ನು ಪುಡಿಗಟ್ಟಿದ ಚಿತ್ರ ಇದು. ಸೆರೆಸಿಕ್ಕ ಬೈಲಿ ಎರಡು ವರ್ಷದ ಮೇಲೆ ಪಟ್ಟಣದಲ್ಲೇ ಸತ್ತ. ಮುತ್ತಿಗೆಯ ಕಾಲಕ್ಕೆ ಕೆಟ್ಟುಹೋಗಿದ್ದ ಈ ಚಿತ್ರವನ್ನು ಮತ್ತೆ ಬರೆಸಿದವನು ವೆಲ್ಲೆಸ್ಲಿ. ಅದು ಮತ್ತೆ ಮಾಸಿದಾಗ, 1850ರ ದಶಕದಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿ ಸರಿಪಡಿಸಲು ಹೇಳಿದ. ತಮ್ಮವರು ಸೋತ ಚಿತ್ರವನ್ನು ಗೆದ್ದವರು ಎರಡೆರಡು ಸಲ ಕಾಪಾಡಿದರು! ಸೋತವರ ನೆನಪನ್ನು ಒರೆಸಿಹಾಕುವುದೇ ಗೆಲುವು ಅಂದುಕೊಳ್ಳುವವರು ಬಂದು ಈ ಗೋಡೆಯನ್ನು ನೋಡಲಿ.

ದ್ವೀಪದ ಚಳಿಜ್ವರ ತಾಳಲಾರದೆ ಇಂಗ್ಲಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು, ಪಟ್ಟಣ ಬಣಗುಟ್ಟಿತು. 1959ರಿಂದ ದರಿಯಾ ದೌಲತ್ ಪುರಾತತ್ವ ಇಲಾಖೆಯ ಟಿಪ್ಪು ಸುಲ್ತಾನ್ ವಸ್ತುಸಂಗ್ರಹಾಲಯ.

ಮದ್ದಿನಮನೆಯ ಕಥೆ ನಮ್ಮ ಕಾಲದ್ದೇ. ಇಟ್ಟಿಗೆ ಗಾರೆಯ ಈ ಆಯುಧಾಗಾರ ಬೆಂಗಳೂರು–ಮೈಸೂರು ರೈಲಿನ ಜೋಡಿ ಹಳಿಗೆ ಅಡ್ಡವಾಗಿತ್ತು. ಸಂರಕ್ಷಿತ ಸ್ಮಾರಕವಾದ್ದರಿಂದ ಕೆಡವುವಂತಿಲ್ಲ. ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನು ಬುಡದಿಂದ ಬಿಡಿಸಿ, ಅಡಿಗೆ ಉಕ್ಕಿನ ತೊಲೆ ತೂರಿಸಿ, ಜಾಕ್‌ಗಳಿಂದ ಎತ್ತಿ, ಗಾಲಿಗಳ ಮೇಲೆ ಇಂಚಿಂಚಾಗಿ ನೂರು ಮೀಟರಿಗೂ ಆಚೆಗೆ ಜರುಗಿಸಿದರು. ಅದು 2017ರ ಮಾರ್ಚ್. ರೈಲಿನಲ್ಲಿ ಹೋಗುವ ಎಷ್ಟೋ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಗೊತ್ತಿರುವವರು ಕಮ್ಮಿ.

ಜೋಪಾನವಾಗಿ ಜರುಗಿಸಿದ್ದು ದೊಡ್ಡ ಕೆಲಸವೇ. ಇನ್ನು ಅದಕ್ಕೊಂದು ಉಪಯೋಗ ಬೇಕು. ಅದನ್ನು ಸರಿಸಿದ ಬಗೆಯನ್ನೇ ಅಲ್ಲಿ ಚಿತ್ರ, ಮಾದರಿಗಳಲ್ಲಿ ತೋರಿಸಲಿ. ಎಂಜಿನಿಯರ್ ಆಗಬೇಕೆನ್ನುವ ಹಳ್ಳಿಯ ಹುಡುಗ ಹುಡುಗಿಯರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಬಸ್ಸು ಹತ್ತಿಸಿ ಕರೆತರುವ ಹೊಣೆ ನನ್ನದು.